ಒಗ್ಗಿದ ಹಾಡೋ, ಒಗ್ಗದ ಹಾಡೋ? ಕೊಡಗಿನಲ್ಲಿ ರೇಡಿಯೊ ಗಂಟೆ ಕಟ್ಟುವವರಿಗೆ

ಸಮುದಾಯ ರೇಡಿಯೊ ಇರಲಿ, ಕಾಲೇಜಿನ ರೇಡಿಯೊ ಇರಲಿ, ಆಕಾಶವಾಣಿಯಲ್ಲಿ ಕ್ಯಾಶುಯಲ್ ಅನೌನ್ಸರ್ ಆಗಿ ಸಿಕ್ಕ ಪಾಳಿ ಇರಲಿ, ಲೆಕ್ಕ ಒಂದೇ. ಒಂದು ಗಂಟೆ ಕೊಟ್ಟಿದ್ದಾರೆ. ನಾಲ್ಕೂವರೆ ನಿಮಿಷದ ಹಾಡುಗಳಾದರೆ, ನಿಮ್ಮ ಮಾತು, ಜಿಂಗಲ್ಲು, ಪ್ರಕಟಣೆ ಕಳೆದು ಹನ್ನೊಂದು ಹಿಡಿಸುತ್ತವೆ. ಹನ್ನೊಂದೂ ಎಲ್ಲರಿಗೂ ಗೊತ್ತಿರುವ ಚಿತ್ರಗೀತೆ ಹಾಕಿದರೆ ಯಾರೂ ಬೈಯುವುದಿಲ್ಲ, ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಹನ್ನೊಂದೂ ನಿಮಗೆ ಮಾತ್ರ ಇಷ್ಟವಾದ ಅಪರೂಪದ ಸಂಗೀತ ಹಾಕಿದರೆ, ಮೂರನೆಯದರ ಹೊತ್ತಿಗೆ ಕೇಳುತ್ತಿರುವುದು ನೀವೊಬ್ಬರೇ.

ಇವೆರಡರ ನಡುವೆ ದಾರಿಗಳಿವೆ. ರೇಡಿಯೊದವರು ಬಳಸಿ ಬಳಸಿ ಸವೆಸಿದ ಐದು ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟಿದ್ದೇನೆ. ಐದಕ್ಕೂ ಸಮ ಅಂಕ ಕೊಡುವ ಉದ್ದೇಶವಿಲ್ಲ. ಎರಡು ನನಗೆ ತುಂಬ ಇಷ್ಟ. ಒಂದರ ಮೇಲೆ ಅನುಮಾನ.

ಮೊದಲು, ಯಾರ ಕಿವಿಗೆ?

ಕೊಡಗಿನಲ್ಲಿ ಈ ಪ್ರಶ್ನೆಗೆ ಸಲೀಸಾದ ಉತ್ತರವಿಲ್ಲ. ಒಂದೇ ಕಾಫಿ ತೋಟದೊಳಗೆ ಎಷ್ಟು ಥರದ ಕಿವಿಗಳಿವೆ ನೋಡಿ. ಮನೆಯೊಳಗೆ ಕೊಡವ ತಕ್ಕ್ ಅಥವಾ ಅರೆಭಾಷೆ. ತೋಟದ ಲೆಕ್ಕ ಬರೆಯುವ ರೈಟರ್ ಮಲಯಾಳಿ ಇರಬಹುದು. ಕೆಲಸದವರ ಲೈನ್ ಮನೆಗಳಲ್ಲಿ ತಮಿಳು, ಯರವ ಮಾತು, ಈಚೆಗೆ ಅಸ್ಸಾಂ, ಬಂಗಾಳದಿಂದ ಬಂದವರ ಮಾತು. ಸಿದ್ದಾಪುರದ ಅಂಗಡಿಯಲ್ಲಿ ಮಲಬಾರ್ ಮುಸ್ಲಿಮರ ಮಾಪಿಳ್ಳೆ ಪಾಟ್ಟು ಹಾಕಿದರೆ ಜೊತೆಗೆ ಗುನುಗುವವರು ಸಿಗುತ್ತಾರೆ. ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಹಾಸನದ ಗಾಳಿ ಜಾಸ್ತಿ, ಅಲ್ಲಿ ಅದೇ ಹಾಡು ಹೊಸದು. ಅಲ್ಲಿನವರ ಸುಗ್ಗಿ ಹಾಡು ವಿರಾಜಪೇಟೆಯವರಿಗೆ ಹೊಸದು.

ಪೊನ್ನಂಪೇಟೆ ಕಡೆಯ ಐನ್‌ಮನೆಯಲ್ಲಿ, ಅಂದರೆ ಕೊಡವರ ಕುಲದ ಮೂಲಮನೆಯಲ್ಲಿ, ಕೂತ ಅಜ್ಜನಿಗೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಹಾಡುವ ದುಡಿ ಕೊಟ್ಟ್ ಪಾಟ್ ಹುಟ್ಟಿದಾಗಿನಿಂದ ಕೇಳಿದ್ದು. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳಿಗೆ ಅದು ಪೂರಾ ಹೊಸದು. ಅವಳ ಫೋನಿನಲ್ಲಿರುವ ಕೊರಿಯನ್ ಪಾಪ್ ಅಜ್ಜನಿಗೆ ಬರೀ ಗದ್ದಲ. ಈ ಇಬ್ಬರೂ ಒಂದೇ ರೇಡಿಯೊ ಪಕ್ಕ ಕೂತಿದ್ದರೆ ಸುಲಭದ ಹಾಡು ಯಾವುದು, ಕಷ್ಟದ್ದು ಯಾವುದು? ಹಾಗಾಗಿ ಹಾಡುಗಳನ್ನು ಎರಡು ಫೋಲ್ಡರ್ ಮಾಡಿ ಇಟ್ಟುಕೊಳ್ಳುವುದರಿಂದ ಉಪಯೋಗವಿಲ್ಲ. ನಿಮ್ಮ ಗಂಟೆಯಲ್ಲಿ ಕೇಳುವ ಮೂವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ರತಿ ಹಾಡಿಗೂ ಮೂವರ ಹೆಸರಿನಲ್ಲಿ ಮೂರು ಗುರುತು ಹಾಕಿ. ಮೂವರಿಗೂ ಒಗ್ಗದ ಹಾಡು ಗಂಟೆಗೆ ಒಂದು ಸಾಕು. ಒಬ್ಬರಿಗೆ ಒಗ್ಗಿ ಇಬ್ಬರಿಗೆ ಹೊಸದಾದ ಹಾಡುಗಳೇ ನಿಮ್ಮ ನಿಜವಾದ ಬಂಡವಾಳ.

ಇಡೀ ಜಿಲ್ಲೆಗೆ ಒಗ್ಗಿದ್ದು ಒಂದಿದೆ: ಕೊಂಬು, ಡೋಲುಗಳ ವಾಲಗ. ಅಂಗಳದಲ್ಲಿ ವಾಲಗ ಶುರುವಾದರೆ ಯಾವ ಮನೆಮಾತಿನವರಿಗೂ ಕಾಲು ಸುಮ್ನೆ ನಿಲ್ಲುವುದಿಲ್ಲ. ಆದರೆ ರೇಡಿಯೊದಲ್ಲಿ ಹಾಕುವ ಮುಂಚೆ ನುಡಿಸುವವರನ್ನೇ ಕೇಳಿ. ಮದುವೆಯ ಕೊಟ್ಟು (ಡೋಲಿನ ಬಡಿತ) ಬೇರೆ, ಸಾವಿನ ಮನೆಯ ಕೊಟ್ಟು ಬೇರೆ. ಫೈಲಿನ ಹೆಸರು ಮಾತ್ರ ನೋಡಿ ಬೆಳಗ್ಗೆ ಏಳು ಗಂಟೆಗೆ ಎರಡನೆಯದನ್ನು ಹಾಕಿದರೆ, ಇಡೀ ದಿನ ಫೋನಿಗೆ ಉತ್ತರ ಕೊಡುತ್ತಾ ಕೂರಬೇಕು.

ಒಂದು: ಪೂರ್ತಿ ಒಗ್ಗಿದ್ದೇ

ಇದನ್ನು ಸೋಮಾರಿತನ ಅಂತ ತಳ್ಳಿಹಾಕುವವರಿಗೆ ಒಂದು ಹಳೆಯ ಕತೆ ಹೇಳಬೇಕು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಚಿತ್ರಗೀತೆ ಜನರ ರುಚಿ ಕೆಡಿಸುತ್ತದೆ, ಶಾಸ್ತ್ರೀಯ ಸಂಗೀತ ಕೇಳಿಸಿದರೆ ಸುಧಾರಿಸುತ್ತದೆ ಎಂಬುದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಕಡಿವಾಣ ಬಿತ್ತು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅದೇ 1952ರಲ್ಲಿ ಅಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತ್‌ಮಾಲಾ ಶುರುವಾಗಿತ್ತು. ವಾರಕ್ಕೊಮ್ಮೆ ದೇಶವೇ ಕೊಲಂಬೊಗೆ ಕಿವಿಗೊಟ್ಟು ಕೂರುತ್ತಿತ್ತು. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ಶುರು ಮಾಡಿ ಚಿತ್ರಗೀತೆಗೆ ಬಾಗಿಲು ತೆರೆಯಬೇಕಾಯಿತು. ಕೇಳುಗರಿಗೆ ಪಾಠ ಮಾಡಲು ಹೋದರೆ ಅವರು ಎದ್ದು ಹೋಗುತ್ತಾರೆ. ಆಗ ಬೇರೆ ದೇಶಕ್ಕೆ ಹೋದರು, ಈಗ ಫೋನಿನಲ್ಲಿ ಒಂದು ಬೆರಳು ಆಡಿಸಿದರೆ ಮುಗಿಯಿತು.

ಆದ್ದರಿಂದ ಬೆಳಗಿನ ಆರರಿಂದ ಎಂಟರವರೆಗೆ ನಾನು ಈ ದಾರಿಗೇ ಮತ ಹಾಕುತ್ತೇನೆ. ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ಬೇಯುತ್ತಿದೆ, ಮಕ್ಕಳ ಸಾಕ್ಸ್ ಸಿಗುತ್ತಿಲ್ಲ, ತೋಟದಲ್ಲಿ ಕೆಲಸದವರ ಹಾಜರಿ ನಡೆಯುತ್ತಿದೆ. ಆ ಹೊತ್ತಿನಲ್ಲಿ ಯಾರೂ ಹಾಡನ್ನು ಗಮನ ಕೊಟ್ಟು ಕೇಳುವುದಿಲ್ಲ. ಹಾಡು ಅವರಿಗೆ ಗಡಿಯಾರ. ಭಕ್ತಿಗೀತೆ ಮುಗಿಯಿತು ಅಂದರೆ ಸ್ನಾನಕ್ಕೆ ಹೊತ್ತಾಯಿತು. ಅಲ್ಲಿ ಹೊಸದನ್ನು ತುರುಕಿದರೆ ಹೊಸ ಹಾಡೂ ದಂಡ, ಜನರ ಬೆಳಗೂ ದಂಡ.

ಉಳಿದ ಹೊತ್ತಿಗೆ ಇದರ ತೊಂದರೆ ಬೇರೆ. ಎಲ್ಲರಿಗೂ ಗೊತ್ತಿರುವ ಹಾಡು ಎಲ್ಲರ ಫೋನಿನಲ್ಲೂ ಇದೆ. ಅದನ್ನೇ ಕೇಳಲು ನಿಮ್ಮ ಸ್ಟೇಷನ್ ಯಾಕೆ ಬೇಕು ಹೇಳಿ?

ಎರಡು: ನಡುವೆ ಕೂರಿಸುವುದು

ಎರಡು ಒಗ್ಗಿದ ಹಾಡುಗಳ ನಡುವೆ ಒಂದು ಒಗ್ಗದ್ದು. ರೇಡಿಯೊದವರ ಬಾಯಲ್ಲಿ ಇದು ಸ್ಯಾಂಡ್‌ವಿಚ್. ಇದರ ಹೆಸರಾಂತ ಉದಾಹರಣೆ ಅಮೆರಿಕದ್ದು. 2003ರಲ್ಲಿ ಔಟ್‌ಕಾಸ್ಟ್ ಎಂಬ ಜೋಡಿಯ ‘ಹೇ ಯಾ’ ಹಾಡು ಬಂತು. ರೇಡಿಯೊದವರಿಗೆ ಹುಚ್ಚು ಹಿಡಿಸಿದ ಹಾಡು. ಆದರೆ ಅದು ಶುರುವಾದ ಕೂಡಲೇ ಬಹಳ ಜನ ಸ್ಟೇಷನ್ ಬದಲಿಸುತ್ತಿದ್ದರು, ಏಕೆಂದರೆ ಅದು ಬೇರೆ ಯಾವ ಹಾಡಿನ ಹಾಗೂ ಇರಲಿಲ್ಲ. ಸ್ಟೇಷನ್‌ಗಳು ಹಾಡನ್ನು ಬಿಡಲಿಲ್ಲ, ಜಾಗ ಬದಲಿಸಿದವು. ಆಚೆ ಈಚೆ ಜನರಿಗೆ ಬಾಯಿಪಾಠವಾದ ಹಾಡುಗಳನ್ನು ಇಟ್ಟು ನಡುವೆ ಇದನ್ನು ಹಾಕುತ್ತಾ ಹೋದವು. ಕೆಲವು ತಿಂಗಳಲ್ಲಿ ಅದೇ ಜನ ಅದೇ ಹಾಡು ಕೇಳಲು ಕಾಯುವಂತಾಯಿತು.

ಇದರ ಹಿಂದಿನ ಗುಟ್ಟನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲೇ ತೋರಿಸಿದ್ದರು. ಒಂದು ವಸ್ತುವನ್ನು ಮತ್ತೆ ಮತ್ತೆ ಎದುರಿಗೆ ತಂದರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ. ಆದರೆ ಬೆಳೆಯುತ್ತಲೇ ಹೋಗುವುದಿಲ್ಲ. ಡೇನಿಯಲ್ ಬರ್ಲೈನ್ 1970ರ ದಶಕದಲ್ಲಿ ಹೇಳಿದ ಹಾಗೆ ಅದು ಏರಿ ಆಮೇಲೆ ಇಳಿಯುತ್ತದೆ. ಸರಳ ಹಾಡು ಬೇಗ ಹಳಸುತ್ತದೆ, ಸ್ವಲ್ಪ ಜಟಿಲವಾದದ್ದು ತಡವಾಗಿ ಹಿಡಿಸಿ ಜಾಸ್ತಿ ದಿನ ಬಾಳುತ್ತದೆ.

ಇಲ್ಲೇ ಹೊಸ ನಿರೂಪಕರು ಎಡವುವುದು. ವಾರವಾರ ಒಂದೊಂದು ಹೊಸ ಅಪರೂಪದ ಹಾಡು ಹುಡುಕಿ ತರುತ್ತಾರೆ. ಕಷ್ಟಪಟ್ಟು ಹುಡುಕಿದ್ದು ಒಂದೇ ಸಲ ಕೇಳಿಸಿ ಮಾಯ. ಜನರ ಕಿವಿಗೆ ಅದು ಅಪರಿಚಿತವಾಗಿ ಬಂದು ಅಪರಿಚಿತವಾಗಿಯೇ ಹೋಯಿತು. ಅದರ ಬದಲು ತಿಂಗಳಿಗೆ ಎರಡೇ ಒಗ್ಗದ ಹಾಡು ಆರಿಸಿ, ಅವನ್ನೇ ವಾರವಾರ ಬೇರೆ ಬೇರೆ ಜಾಗದಲ್ಲಿ ಕೂರಿಸಿ. ನಾಲ್ಕನೆಯ ವಾರ ಯಾರಾದರೂ ಫೋನ್ ಮಾಡಿ ‘ಅವತ್ತು ಹಾಕಿದ್ರಲ್ಲ, ಆ ಕೊಳಲಿನ ಥರದ್ದು’ ಅಂದರೆ ಕೆಲಸ ಆಯಿತು ಅಂತ ತಿಳಿಯಿರಿ. ನಿಮಗೆ ಬೇಸರ ಬರುವ ಹೊತ್ತಿಗೆ ಕೇಳುಗರಿಗೆ ಗುರುತು ಹತ್ತುತ್ತಿರುತ್ತದೆ.

ಗಂಟೆಯೊಳಗೆ ಎಲ್ಲಿ ಕೂರಿಸಬೇಕು? ಮೊದಲ ಮೂರು ಹಾಡು ಬೇಡ, ಕೇಳುಗರು ಇನ್ನೂ ಕೂತಿರುವುದಿಲ್ಲ. ನಾಲ್ಕನೆಯದು, ಎಂಟನೆಯದು ಒಳ್ಳೆಯ ಜಾಗ. ಇದಕ್ಕಿಂತ ಒಳ್ಳೆಯ ಜಾಗ ಒಂದಿದೆ, ಅದು ಹಾಡುಗಳ ಸರದಿ ಬರೆದ ಕ್ಯೂ ಶೀಟ್ ನೋಡಿದರೆ ಕಾಣುವುದಿಲ್ಲ: ಪ್ರಕಟಣೆಯ ಬೆನ್ನಿಗೆ. ನಾಳೆ ವಿದ್ಯುತ್ ವ್ಯತ್ಯಯ ಎಲ್ಲೆಲ್ಲಿ, ಮಳೆಗೆ ಶಾಲೆಗೆ ರಜೆ ಇದೆಯೋ ಇಲ್ಲವೋ ಅಂತ ಓದುವಾಗ ಮನೆಯವರೆಲ್ಲ ಮಾತು ನಿಲ್ಲಿಸಿ ಕೇಳುತ್ತಾರೆ. ಪ್ರಕಟಣೆ ಮುಗಿದ ಮೇಲೂ ಅರ್ಧ ನಿಮಿಷ ಆ ನಿಶ್ಶಬ್ದ ಇರುತ್ತದೆ. ಒಗ್ಗದ ಹಾಡಿಗೆ ಇಡೀ ದಿನದಲ್ಲಿ ಅಷ್ಟು ತೆರೆದ ಕಿವಿಗಳು ಇನ್ನೆಲ್ಲೂ ಸಿಗುವುದಿಲ್ಲ. ರಜೆ ಸಿಕ್ಕ ಮಕ್ಕಳಿದ್ದರಂತೂ ಯಾವ ಹಾಡಿಗೂ ಕುಣಿಯುತ್ತಾರೆ.

ಮೂರು: ಮೆಟ್ಟಿಲು ಹಾಕುವುದು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಎರಡನೆಯ ದಾರಿಯಲ್ಲಿ ಒಗ್ಗದ ಹಾಡಿಗೂ ಅಕ್ಕಪಕ್ಕದ ಹಾಡಿಗೂ ನಂಟು ಬೇಕಿಲ್ಲ. ಇಲ್ಲಿ ನಂಟೇ ಮುಖ್ಯ. ಗೊತ್ತಿರುವ ಹಾಡಿನಲ್ಲಿರುವ ಒಂದು ವಾದ್ಯವನ್ನೋ, ಸಾಲನ್ನೋ, ತಾಳವನ್ನೋ ಹಿಡಿದು ಮುಂದಿನದಕ್ಕೆ ದಾಟುವುದು, ಅಲ್ಲಿಂದ ಇನ್ನೂ ಮುಂದಕ್ಕೆ.

ಸ್ಯಾಕ್ಸೋಫೋನ್ ತೆಗೆದುಕೊಳ್ಳಿ. 1994ರ ತಮಿಳು ಚಿತ್ರ ‘ಡ್ಯುಯೆಟ್’ನಲ್ಲಿ ಎ.ಆರ್. ರೆಹಮಾನ್ ಸಂಗೀತಕ್ಕೆ ಸ್ಯಾಕ್ಸೋಫೋನ್ ನುಡಿಸಿದವರು ನಮ್ಮ ಪಕ್ಕದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ಲೈನ್ ಮನೆಯ ತಮಿಳು ಕೇಳುಗರಿಗೆ ಆ ಚಿತ್ರದ ಹಾಡು ಹೊಸದಲ್ಲ. ಅದು ಮೊದಲ ಮೆಟ್ಟಿಲು. ಎರಡನೆಯದು ಅದೇ ಕದ್ರಿಯವರು ನುಡಿಸಿದ ಒಂದು ಕೃತಿ, ಐದಾರು ನಿಮಿಷದ್ದು. ಮಂಗಳೂರು ಕಡೆಯ ಮದುವೆಗೆ ಹೋಗಿ ಬಂದವರಿಗೆ ಈ ನಾದ ಗೊತ್ತು. ಮೂರನೆಯದು 2008ರ ‘ಕಿನ್ಸ್‌ಮೆನ್’. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಕದ್ರಿಯವರನ್ನು ಜೊತೆಗಿಟ್ಟುಕೊಂಡು ಮಾಡಿದ ಆಲ್ಬಮ್. ಅದನ್ನೇ ನೇರವಾಗಿ ಹಾಕಿದ್ದರೆ ಸುಂಟಿಕೊಪ್ಪದಲ್ಲಿ ಎಷ್ಟು ಜನ ನಿಲ್ಲುತ್ತಿದ್ದರು? ಮೂರನೆಯ ಮೆಟ್ಟಿಲಾಗಿ ಬಂದಾಗ ಕೇಳುಗರ ಕೈಯಲ್ಲಿ ಒಂದು ಎಳೆ ಇರುತ್ತದೆ: ಇದರಲ್ಲಿ ಕದ್ರಿಯವರು ಯಾವುದು, ಆ ಇನ್ನೊಬ್ಬರು ಯಾವುದು? ನೀವು ಹೇಳಬೇಕಾದದ್ದೂ ಅಷ್ಟೇ. ಒಬ್ಬರ ಸ್ವರ ಜಾರುತ್ತದೆ, ಇನ್ನೊಬ್ಬರದು ಒಡೆದು ಒಡೆದು ಬರುತ್ತದೆ, ಗಮನಿಸಿ ನೋಡಿ. ಹೀಗೆ ಒಂದು ಕೆಲಸ ಕೊಟ್ಟರೆ ಜನ ಹಾಡು ಮುಗಿಯುವ ತನಕ ಏಳುವುದಿಲ್ಲ.

ಇನ್ನೊಂದು ಸಾಲು ಕೊಡಗಿನಲ್ಲೇ ಶುರುವಾಗುತ್ತದೆ. ವಾಲಗದ ಕೊಂಬು ಎಲ್ಲರಿಗೂ ಗೊತ್ತು. ಗಡಿ ದಾಟಿದರೆ ಕೇರಳದ ಪಂಚವಾದ್ಯ. ತಿಮಿಲ, ಮದ್ದಳ, ಇಡಕ್ಕ, ಇಲತ್ತಾಳಗಳ ಜೊತೆ ಅಲ್ಲೂ ಕೊಂಬು ಇದೆ. ಇತ್ತ ಕುಶಾಲನಗರದ ಕಾವೇರಿ ಸೇತುವೆ ದಾಟಿ ಬೈಲಕುಪ್ಪೆಗೆ ಹೋದರೆ ಟಿಬೆಟನ್ ಮಠಗಳಲ್ಲಿ ದುಂಗ್‌ಚೆನ್. ನೆಲಕ್ಕೆ ಊರಿ ಇಡುವಷ್ಟು ಉದ್ದದ ಕಹಳೆ, ಜೋಡಿಯಾಗಿ ಊದುತ್ತಾರೆ. ಮೂರೂ ಊದುವ ವಾದ್ಯಗಳೇ. ಒಂದು ಕುಣಿಸುತ್ತದೆ, ಒಂದು ತಾಳದ ಮೆಟ್ಟಿಲೇರಿಸುತ್ತದೆ, ಒಂದು ಒಂದೇ ಸ್ವರದಲ್ಲಿ ನಿಂತುಬಿಡುತ್ತದೆ. ಬೆಳಗ್ಗೆ ಹೊರಟು ಸಂಜೆಗೆ ಮೂರನ್ನೂ ಕಣ್ಣಾರೆ ನೋಡಿ ಬರಬಹುದಾದ ಜಿಲ್ಲೆ ಇನ್ನೆಲ್ಲಿದೆ! ಸಾಹಸದ ಸಂಗೀತ ಅಂದರೆ ಯುರೋಪಿನಿಂದಲೇ ತರಿಸಬೇಕು ಅಂದುಕೊಂಡಿರುವವರು ಇದನ್ನು ಯೋಚಿಸಬೇಕು.

ದುಡಿಯಿಂದಲೂ ಹೋಗಬಹುದು. ನಾಲ್ವರು ದುಡಿ ಬಡಿಯುತ್ತಾ ಹಾಡುವ ಪಾಟ್ ಎರಡೂವರೆ ನಿಮಿಷ. ಅದರ ಬೆನ್ನಿಗೆ ಅಮೆರಿಕದ ಸ್ಟೀವ್ ರೈಕ್ ಅವರ ‘ಡ್ರಮ್ಮಿಂಗ್’. 1970ರಲ್ಲಿ ಘಾನಾಕ್ಕೆ ಹೋಗಿ ಅಲ್ಲಿನ ಡೋಲು ಕಲಿತು ಬಂದು 1971ರಲ್ಲಿ ಮುಗಿಸಿದ್ದು. ಮೊದಲ ಭಾಗ ನಾಲ್ಕು ಜೋಡಿ ಬೋಂಗೊಗಳದ್ದು. ಒಂದೇ ಬಡಿತ ಮೆಲ್ಲಗೆ ಒಂದರಿಂದೊಂದು ಜಾರುತ್ತಾ ಹೋಗುತ್ತದೆ. ಅಜ್ಜನಿಗೂ ಮೊಮ್ಮಗಳಿಗೂ ಅದು ಸಮವಾಗಿ ಹೊಸದು. ನಾಲ್ಕು ನಿಮಿಷ ಕೇಳಿಸಿ ಮೆಲ್ಲಗೆ ಇಳಿಸಿ, ಪೂರ್ತಿ ಹಾಕಿದರೆ ನಿಮ್ಮ ಗಂಟೆಯನ್ನೇ ನುಂಗುತ್ತದೆ.

ಮಾತಿನ ಎಳೆ ಹಿಡಿಯುವುದು ಇನ್ನೂ ಸುಲಭ. ಶಿಶುನಾಳ ಶರೀಫರ ಪದವನ್ನು ಸಿ. ಅಶ್ವಥ್ ದನಿಯಲ್ಲಿ ಕೇಳದವರಿಲ್ಲ. ಶರೀಫರದೇ ಪದಗಳನ್ನು ಗಿಟಾರು, ಡ್ರಮ್ಸ್ ಹಾಕಿ ಹಾಡಿದ ಮೈಸೂರಿನ ರಘು ದೀಕ್ಷಿತ್ ಇದ್ದಾರೆ. ಆಮೇಲೆ ಏಕತಾರಿ ಹಿಡಿದು ಹಾಡುವ ತತ್ವಪದದವರ ಬಯಲು ದನಿ. ಸಾಹಿತ್ಯ ಗೊತ್ತಿದ್ದರೆ ಜನ ಎಂಥ ಧಾಟಿಯನ್ನೂ ಸಹಿಸುತ್ತಾರೆ. ಕೊಡವ ಕೇಳುಗರಾದರೆ ಹರದಾಸ ಅಪ್ಪಚ್ಚ ಕವಿಯ ನಾಟಕದ ಹಾಡುಗಳಿಂದಲೂ, ನಡಿಕೇರಿಯಂಡ ಚಿಣ್ಣಪ್ಪ ಸಂಗ್ರಹಿಸಿ 1924ರಲ್ಲಿ ಹೊರತಂದ ಪಟ್ಟೋಲೆ ಪಳಮೆಯ ಪಾಟ್‌ಗಳಿಂದಲೂ ಹೀಗೆ ಹೊರಡಬಹುದು.

ಈ ದಾರಿಯ ಬೆಲೆ ಏನು? ಸಮಯ. ಮೂರು ಹಾಡಿನ ಒಂದು ಸಾಲು ಕಟ್ಟಲು ಒಂದು ಸಂಜೆ ಬೇಕು. ದಿನಾ ಕಾರ್ಯಕ್ರಮ ಮಾಡುವವರಿಗೆ ಇದು ಆಗದ ಮಾತು. ವಾರಕ್ಕೊಂದು ಗಂಟೆ ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ನಾಲ್ಕು: ವಿಷಯ ಹಿಡಿಯುವುದು

ಮಳೆ, ಕಾವೇರಿ, ಕಾಫಿ ಹೂವು, ಪುತ್ತರಿ. ಒಂದು ವಿಷಯ ಹಿಡಿದು ಎಲ್ಲ ಹಾಡು ಅದರ ಮೇಲೆ. ಕೇಳುವುದಕ್ಕೆ ಚೆನ್ನಾಗಿರುತ್ತದೆ, ಪೋಸ್ಟರಿಗೂ ಚೆನ್ನ. ನನಗೆ ಅನುಮಾನ ಇರುವುದು ಇದರ ಮೇಲೆಯೇ. ಸಾಹಿತ್ಯದಲ್ಲಿ ಮಳೆ ಇದೆ ಎಂಬ ಒಂದೇ ಕಾರಣಕ್ಕೆ ಕಿವಿಗೆ ಏನೇನೂ ಹೊಂದದ ಎರಡು ಹಾಡು ಪಕ್ಕದಲ್ಲಿ ಬಂದು ಕೂರುತ್ತವೆ. ಜನರಿಗೆ ಹಾಡು ಕೇಳಿಸುತ್ತದೆ, ವಿಷಯ ಕೇಳಿಸುವುದಿಲ್ಲ. ಜೊತೆಗೆ ಜುಲೈನಲ್ಲಿ ಮಡಿಕೇರಿಯವರಿಗೆ ಮಳೆ ಹಾಡು ಬೇಕು ಅಂದುಕೊಂಡವರು ಮಡಿಕೇರಿಯಲ್ಲಿ ಜುಲೈ ಕಳೆದಿಲ್ಲ. ಹಬ್ಬದ ದಿನಗಳಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಮಡಿಕೇರಿ ದಸರಾ, ಪುತ್ತರಿ. ಆ ದಿನ ಜನರೇ ಆ ಗುಂಗಿನಲ್ಲಿ ಇರುತ್ತಾರೆ, ಹಾಗಾಗಿ ಅಪರೂಪದ ರೆಕಾರ್ಡಿಂಗ್ ಕೂಡ ಸಲ್ಲುತ್ತದೆ. ದೇವರಪುರದ ಕುಂಡೆ ಹಬ್ಬವನ್ನು ಮಾತ್ರ ಪಟ್ಟಿಯಿಂದ ಬಿಡಿ. ಆ ಬೈಗುಳದ ಹಾಡುಗಳಿಗೆ ಯಾವ ಸ್ಟೇಷನ್ನೂ ಅನುಮತಿ ಕೊಡುವುದಿಲ್ಲ!

ಐದು: ಅದಕ್ಕೇ ಬೇರೆ ಗಂಟೆ

ಒಗ್ಗದ ಸಂಗೀತಕ್ಕೆ ರಾತ್ರಿ ಒಂದು ಗಂಟೆ ತೆಗೆದಿಡುವುದು. ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಬಿಬಿಸಿ ರೇಡಿಯೊ 1ರಲ್ಲಿ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ, ಹೆಚ್ಚಾಗಿ ರಾತ್ರಿ ಹೊತ್ತು, ಬೇರೆ ಯಾರೂ ಹಾಕದ ಬ್ಯಾಂಡುಗಳನ್ನು ಹಾಕಿದರು. ರೇಡಿಯೊ 3ರಲ್ಲಿ 1999ರಲ್ಲಿ ಶುರುವಾದ ಲೇಟ್ ಜಂಕ್ಷನ್ ಕೂಡ ಅಂಥದ್ದೇ. ಇವು ಉಳಿದದ್ದು ಸಂಗೀತ ಒಗ್ಗಿತು ಅಂತಲ್ಲ, ದನಿ ಒಗ್ಗಿತು ಅಂತ. ಪೀಲ್ ಹಾಕುತ್ತಿದ್ದ ಹಾಡು ಜನರಿಗೆ ಗೊತ್ತಿರಲಿಲ್ಲ, ಪೀಲ್ ಗೊತ್ತಿದ್ದರು. ಹಾಗಾಗಿ ಇದನ್ನು ಆರಿಸುವುದಾದರೆ ನಿರೂಪಕರನ್ನು ಬದಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ. ಪಾಳಿ ಪ್ರಕಾರ ವಾರಕ್ಕೊಬ್ಬರು ಬಂದು ಹೋಗುವ ಕಡೆ ಈ ದಾರಿ ನಡೆಯುವುದಿಲ್ಲ.

ಕೊಡಗಿನಲ್ಲಿ ರಾತ್ರಿ ಕೇಳುವವರು ಯಾರು ಅಂತ ಕೇಳಬಹುದು. ಕಾಫಿ ಕುಯ್ಲಿನ ಕಾಲಕ್ಕೆ ಬನ್ನಿ. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ. ಕಣದಲ್ಲಿ ಒಣಗಲು ಹಾಕಿದ ಚೆರ್ರಿಗೆ ರಾತ್ರಿ ಕಾವಲು ಬೇಕು. ಕಾವಲಿನವರು ಬೆಂಕಿ ಹಾಕಿಕೊಂಡು ಬೆಳಗಿನವರೆಗೆ ಕೂರುತ್ತಾರೆ. ನಿದ್ದೆ ಬರಬಾರದು. ಆನೆ ಬಂದರೆ ಗೊತ್ತಾಗಬೇಕು, ಆದ್ದರಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸುವ ಹಾಗಿಲ್ಲ, ಸಣ್ಣ ದನಿಯಲ್ಲಿ ರೇಡಿಯೊ ಪಕ್ಕದಲ್ಲಿರಬೇಕು. ಇಷ್ಟು ಹೊತ್ತು, ಇಷ್ಟು ಗಮನ ಇಟ್ಟು ಕೇಳುವವರು ಬೆಂಗಳೂರಿನ ಸಂಗೀತ ಸಭೆಯಲ್ಲೂ ಸಿಗುವುದಿಲ್ಲ. ಅರ್ಧ ಗಂಟೆಯ ಖಯಾಲ್ ಹಾಕಬೇಕೆಂಬ ಆಸೆ ಇದ್ದರೆ ಜನವರಿ ರಾತ್ರಿಗೆ ಹಾಕಿ.

ಮಳೆ, ಶೀಟು, ಸಣ್ಣ ಸ್ಪೀಕರು

ಯಾವ ದಾರಿ ಆರಿಸಿದರೂ ಒಂದು ಮಾತು ತಲೆಯಲ್ಲಿರಲಿ. ಸ್ಟುಡಿಯೊದ ಹೆಡ್‌ಫೋನಿನಲ್ಲಿ ಕೇಳಿದ್ದು ಜನರಿಗೆ ಹಾಗೇ ತಲುಪುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟ್ ಹಾಕಿದ ಮಾಡಿನ ಮೇಲೆ ಮಳೆ ಬೀಳುವಾಗ ವೀಣೆಯ ಆಲಾಪ ಕೇಳಿಸುವುದೇ ಇಲ್ಲ. ಹಾಡು ಶುರುವಾಗಿದೆ ಅಂತಲೂ ಗೊತ್ತಾಗದೆ ಸ್ಟೇಷನ್ ಹೋಯಿತು ಅಂದುಕೊಳ್ಳುತ್ತಾರೆ. ಒಗ್ಗದ ಸಂಗೀತದಲ್ಲಿ ಬಹುಪಾಲು ಮೆಲ್ಲಗೆ, ನಿಧಾನಕ್ಕೆ ಶುರುವಾಗುವಂಥದ್ದು. ಮಳೆಗಾಲಕ್ಕೆ ಗಟ್ಟಿ ಗಂಟಲು, ಚರ್ಮವಾದ್ಯ, ಊದುವ ವಾದ್ಯ ಇರುವುದನ್ನು ಆರಿಸಿ. ಮೆಲುದನಿಯದನ್ನು ಬೇಸಿಗೆ ರಾತ್ರಿಗೆ ಎತ್ತಿಡಿ.

ಮೊಬೈಲಿನ ಸ್ಪೀಕರಿನಲ್ಲಿ ತಗ್ಗಿನ ಸ್ವರ ಬರುವುದಿಲ್ಲ. ಮೇಲೆ ಹೇಳಿದ ದುಂಗ್‌ಚೆನ್ ಹಾಕಿದರೆ ಅರ್ಧ ಜನರಿಗೆ ಬರೀ ಗೊರಗೊರ. ವಾಲಗದಲ್ಲೂ ಕೊಂಬು ಚುಚ್ಚುತ್ತದೆ, ಕೊಟ್ಟಿನ ತೂಕ ಮಾಯವಾಗುತ್ತದೆ. ಹಾಕುವ ಮುಂಚೆ ಒಮ್ಮೆ ಅಗ್ಗದ ಫೋನಿನಲ್ಲಿ ಕೇಳಿ ನೋಡಿ, ಆಮೇಲೆ ಆರಿಸಿ. ಗುಡ್ಡದ ಮರೆಯಲ್ಲಿ ಎಫ್‌ಎಂ ಕರಕರ ಅನ್ನುವುದೂ ಇದ್ದದ್ದೇ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಬೆಟ್ಟ ಅಡ್ಡ ಬಂದರೆ ನಿಂತಿತು. ಸಮುದಾಯ ರೇಡಿಯೊದ 100 ವ್ಯಾಟ್ ಮಿತಿಯಲ್ಲಂತೂ ಕೇಳಬೇಡಿ. ಕರಕರದ ನಡುವೆ ಗುರುತಿರುವ ಹಾಡನ್ನು ಜನ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ, ಗುರುತಿಲ್ಲದ್ದನ್ನು ತುಂಬಿಕೊಳ್ಳಲು ಆಗುವುದಿಲ್ಲ.

ಹಾಡಿನ ಮುಂಚೆ ಮಾತೋ, ಆಮೇಲೆ ಮಾತೋ?

ಒಗ್ಗಿದ ಹಾಡಿಗೆ ಮುಂಚೆ ಮಾತು ಬೇಡ. ಪಲ್ಲವಿ ಬರುವ ಮೊದಲೇ ಜನ ಗುರುತು ಹಿಡಿಯುವ ಖುಷಿಯನ್ನು ನೀವು ಕಿತ್ತುಕೊಂಡ ಹಾಗಾಗುತ್ತದೆ. ಒಗ್ಗದ ಹಾಡಿಗೆ ಮುಂಚೆ ಎರಡು ವಾಕ್ಯ, ಆಮೇಲೆ ಹೆಸರು ಇನ್ನೊಮ್ಮೆ. ಎರಡು ವಾಕ್ಯದಲ್ಲಿ ಚರಿತ್ರೆ, ಪ್ರಶಸ್ತಿ, ರಾಗದ ಲಕ್ಷಣ ಯಾವುದೂ ಬೇಡ. ಏನು ಕೇಳಿಸಲಿದೆ ಅಂತ ಹೇಳಿ: ‘ಮೊದಲ ಅರ್ಧ ನಿಮಿಷ ಬರೀ ಗಾಳಿ ಸದ್ದು, ಸೆಟ್ ಹಾಳಾಗಿಲ್ಲ, ಆಮೇಲೆ ಒಬ್ಬ ಹೆಂಗಸು ಹಾಡುತ್ತಾರೆ.’ ಇಷ್ಟು ಸಾಕು. ‘ಇದು ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು’ ಅಂತ ಮಾತ್ರ ಯಾವತ್ತೂ ಹೇಳಬೇಡಿ. ಹೇಳಿದರೆ ಅನ್ನಿಸಿಯೇ ಅನ್ನಿಸುತ್ತದೆ.

ಕೋರಿಕೆಯ ಫೋನ್ ಬಂದರೆ ಕೇಳಿದ ಹಾಡನ್ನು ಹಾಕಿ, ಅದು ನಿಮ್ಮ ಯೋಜನೆ ಕೆಡಿಸಿದರೂ ಸರಿ. ‘ಅಕ್ಕ, ಹೋದ ವಾರದ ದುಡಿ ಹಾಕಿ’ ಅಂತ ಒಬ್ಬರು ಕೇಳುವ ದಿನ ಬರುವವರೆಗೆ ‘ಅಣ್ಣಾವ್ರ ಹಾಡು ಹಾಕಿ’ ಅನ್ನುವ ಹತ್ತು ಜನರ ಮಾತು ನಡೆಯಲೇಬೇಕು.

ಪರವಾನಗಿಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಚಿತ್ರಗೀತೆಗೆ ಹಕ್ಕುದಾರರಿಗೆ ಹಣ ಕಟ್ಟಬೇಕು, ಸಣ್ಣ ಸ್ಟೇಷನ್‌ಗೆ ಅದು ಹೊರೆಯೇ. ಸ್ವತಂತ್ರ ಬ್ಯಾಂಡಿನವರು ಕೇಳಿದರೆ ಬಹಳ ಸಲ ಬರೆದು ಕೊಡುತ್ತಾರೆ. ಜನಪದ ಹಾಡಿಗೆ ವಾರಸುದಾರರಿಲ್ಲ ಅಂತ ಸುಮ್ನೆ ಎತ್ತಿ ಹಾಕಬೇಡಿ, ಹಾಡಿದವರಿಗೆ ಹಕ್ಕಿದೆ. ಯರವ ಬುಡಕಟ್ಟಿನವರ ಕೇರಿಯಾದ ಹಾಡಿಯಲ್ಲೋ, ಮನೆಯ ಅಂಗಳದಲ್ಲೋ ರೆಕಾರ್ಡ್ ಮಾಡಿದರೆ ಅಲ್ಲೇ ಅನುಮತಿ ಕೇಳಿ, ಸಂಭಾವನೆ ಕೊಡಿ, ಯಾವತ್ತು ಪ್ರಸಾರ ಅಂತಲೂ ಹೇಳಿ. ಸಮುದಾಯ ರೇಡಿಯೊ ನಿಯಮದಂತೆ ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯರ ಪಾಲುಗಾರಿಕೆಯಿಂದ ಬರಬೇಕು, ಇಂಥ ರೆಕಾರ್ಡಿಂಗ್ ಆ ಲೆಕ್ಕಕ್ಕೂ ಬರುತ್ತದೆ.

ಹಾಗಾದರೆ ಯಾವುದು?

ಬೆಳಗಿನ ಪಾಳಿಯಾದರೆ ಮೊದಲನೆಯದು, ಗೊಂದಲ ಬೇಡ. ಹಗಲು ಹತ್ತರಿಂದ ನಾಲ್ಕರವರೆಗೆ, ಟೈಲರ್ ಅಂಗಡಿ, ಗ್ಯಾರೇಜು, ತೋಟ ಕೇಳುವ ಹೊತ್ತಿಗೆ ಎರಡನೆಯದು. ಹನ್ನೊಂದರಲ್ಲಿ ಎರಡಕ್ಕಿಂತ ಜಾಸ್ತಿ ಒಗ್ಗದ್ದು ಬೇಡ. ಸಂಜೆ ವಾರಕ್ಕೊಂದು ಗಂಟೆ ಸಿಕ್ಕಿದ್ದರೆ ಮೂರನೆಯದೇ. ಮೂರು ಹಾಡಿನ ಎರಡು ಸಾಲು ಕಟ್ಟಿ, ಉಳಿದ ಐದನ್ನು ಜನರಿಗೆ ಬಿಡಿ. ಐದನೆಯದಕ್ಕೆ ಕೈ ಹಾಕುವುದಾದರೆ ಕಡಿಮೆ ಅಂದರೆ ಒಂದು ಕುಯ್ಲಿನ ಕಾಲ ಪೂರ್ತಿ ನಡೆಸುವ ಧೈರ್ಯ ಇರಬೇಕು. ಎರಡು ವಾರ ಮಾಡಿ ಫೋನ್ ಬರಲಿಲ್ಲ ಅಂತ ನಿಲ್ಲಿಸುವುದಾದರೆ ಶುರು ಮಾಡದಿರುವುದೇ ಮೇಲು, ಕಾವಲಿನವರು ಫೋನ್ ಮಾಡುವುದಿಲ್ಲ, ಬರೀ ಕೇಳುತ್ತಾರೆ.

ಹನ್ನೊಂದನೆಯ ಹಾಡು ಯಾವಾಗಲೂ ಒಗ್ಗಿದ್ದೇ ಇರಲಿ, ಅದೂ ಸ್ವಲ್ಪ ಉದ್ದದ್ದು. ವಾರ್ತೆಯ ಹೊತ್ತಿಗೆ ಸರಿಯಾಗಿ ಮುಗಿಸಬೇಕಲ್ಲ, ನಿಮ್ಮ ಮಾತು ಎಲ್ಲೋ ಒಂದು ಕಡೆ ಜಾಸ್ತಿ ಆಗಿಯೇ ಇರುತ್ತದೆ. ಎರಡನೆಯ ಚರಣದಲ್ಲಿ ಮೆಲ್ಲಗೆ ಇಳಿಸಿದರೂ ಉಳಿದದ್ದನ್ನು ಜನ ತಾವೇ ಹಾಡಿಕೊಳ್ಳುತ್ತಾರೆ.